ಗೊರಬು, ಕತ್ತಿಕೊಕ್ಕೆ, ನಾಯಿಯ ಚೀಲ

ಮಳೆಗಾಲದಲ್ಲಿ ಮಣಿಪಾಲದ ರಸ್ತೆ ಕಾಣಿ. ನಾಯಿ ತಿರುಗಾಡಿಸುವವರ ಒಂದು ಕೈಲಿ ಕೊಡೆ, ಇನ್ನೊಂದು ಕೈಲಿ ಹಗ್ಗ. ಹೇಲು ಹೆಕ್ಕಿದ ಚೀಲ ಹಿಡಿಲಿಕ್ಕೆ ಮೂರನೇ ಕೈ ಎಲ್ಲಿಂದ ತರುದು?

ಕೈ ಖಾಲಿ ಇಟ್ಟುಕೊಳ್ಳುವ ಉಪಾಯ ನಮ್ಮೂರಿಗೆ ಹೊಸತಲ್ಲ. ಬಗ್ಗಿ ನಾಟಿ ಮಾಡುವ ಹೆಂಗಸರಿಗೆ ಕೊಡೆ ಹಿಡಿಲಿಕ್ಕೆ ಆಗ್ತದಾ? ಅದಕ್ಕೇ ತಲೆ, ಬೆನ್ನು ಎರಡನ್ನೂ ಮುಚ್ಚುವ ಗೊರಬು. ಮರ ಹತ್ತುವವರ ಕತ್ತಿ ಸೊಂಟದ ಕೊಕ್ಕೆಯಲ್ಲಿ. ಅಜ್ಜಿಯಂದಿರ ಎಲೆಯಡಿಕೆ ಸೊಂಟದ ಸಂಚಿಯಲ್ಲಿ.

ಆದರೆ ನಾಯಿಗೆ ಚೀಲ ಬೇಕಿರಲಿಲ್ಲ. ಕಾರ್ಕಳ, ಕಾಪು ಬದಿಯ ಮನೆಗಳಲ್ಲಿ ಹಗಲು ಕಟ್ಟಿ ರಾತ್ರಿ ಬಿಟ್ಟರೆ ಅದು ಗುಡ್ಡೆಗೋ ತೋಟಕ್ಕೋ ಹೋಗಿ ಬರ್ತಿತ್ತು. ಅಂಗಳದಲ್ಲಿ ಮಾಡಿದರೆ ಹಾಳೆತುಂಡಿನಲ್ಲಿ ತೆಗೆದು ಹೂಳುದು. ಫ್ಲ್ಯಾಟು ಬಂದಮೇಲೆ ಗುಡ್ಡೆಯೂ ಇಲ್ಲ, ಹಾಳೆಯೂ ಇಲ್ಲ.

ದೊಡ್ಡ ಪೇಟೆಗಳಿಗೆ ಈ ತಾಪತ್ರಯ ಮೊದಲೇ ಬಂದಿತ್ತು. ನ್ಯೂಯಾರ್ಕಿನಲ್ಲಿ 1978ರ ಆಗಸ್ಟ್ 1ರಿಂದ ಹೆಕ್ಕದವರಿಗೆ 100 ಡಾಲರಿನವರೆಗೆ ದಂಡ ಅಂತ ಕಾನೂನು ಬಂತು. ಈಗ ಖಾಲಿ ಚೀಲದ ಸುರುಳಿ ನಾಯಿಯ ಹಗ್ಗಕ್ಕೇ ಸಿಕ್ಕಿಸಿದ ಡಬ್ಬಿಯಲ್ಲಿ ಇರ್ತದೆ; ತುಂಬಿದ್ದಕ್ಕೆ ಸೊಂಟಕ್ಕೆ ಕಟ್ಟುವ, ಜಿಪ್ ಇರುವ ಸಂಚಿ.

ನಮಗಂತೂ ದಂಡಕ್ಕಿಂತ ಬಾವಿಯದ್ದೇ ಹೆದರಿಕೆ. ದಾರಿಯಲ್ಲಿ ಬಿಟ್ಟದ್ದನ್ನು ಮಳೆನೀರು ಕಟ್ಟೆ ತಗ್ಗಿದ ಬಾವಿಗೂ ಒಯ್ಯಬಹುದು. ನಾಯಿಯ ಹೇಲಿನಿಂದ ಬರುವ ಕೊಕ್ಕೆಹುಳದ ಮರಿ ಒದ್ದೆ ಮಣ್ಣಲ್ಲಿ ಬೆಳೆದು, ಬರಿಗಾಲಲ್ಲಿ ಆಡುವ ಮಕ್ಕಳ ಚರ್ಮದೊಳಗೆ ಹೊಗ್ತದೆ.

ಹಾಗಾಗಿ ಹೆಕ್ಕಿ ಕಟ್ಟಿದ ಚೀಲ ಬೇಲಿಗೆ ಸಿಕ್ಕಿಸಿ ಬರುದಲ್ಲ ಮಾರಾಯ್ತಿ, ಕಸದ ಬುಟ್ಟಿಯವರೆಗೆ ಹೊರಲೇಬೇಕು. ಸೊಂಟದ ಸಂಚಿ ಇದ್ದರೆ ಅದೇನು ಭಾರವಲ್ಲ.