ಸೆಪ್ಟೆಂಬರ್ 30ರ ಲೆಕ್ಕ

ನಮ್ಮ ಟೀಮಿನ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಗೆಳೆಯ ದಿನಾ ಬೆಳಗ್ಗೆ 'ಇತಿಹಾಸದಲ್ಲಿ ಈ ದಿನ' ಅಂತ ಒಂದು ಪಟ್ಟಿ ಹಾಕ್ತಾನೆ. ಯಾರು ಹುಟ್ಟಿದರು, ಯಾರು ಹೋದರು, ಯಾವ ಸಿನಿಮಾ ತೆರೆಕಂಡಿತು. ಸಾಮಾನ್ಯವಾಗಿ ನಾನು ಒಂದು ಥಂಬ್ಸ್ ಅಪ್ ಒತ್ತಿ ಮೀಟಿಂಗಿಗೆ ಓಡ್ತೀನಿ. ಸೆಪ್ಟೆಂಬರ್ 30ರ ಪಟ್ಟಿ ಬಂದಾಗ ಮಾತ್ರ ಓಡೋಕೆ ಆಗಲಿಲ್ಲ.

ಪಟ್ಟಿ ಶುರುವಾಗಿದ್ದು 1791ರಿಂದ. ಆ ಸಂಜೆ ವಿಯೆನ್ನಾದಲ್ಲಿ ಮೊಜಾರ್ಟ್‌ನ 'ದಿ ಮ್ಯಾಜಿಕ್ ಫ್ಲೂಟ್' ಒಪೆರಾದ ಮೊದಲ ಪ್ರದರ್ಶನ. ನಡೆದದ್ದು ರಾಜರ ರಂಗಮಂದಿರದಲ್ಲಲ್ಲ, ಊರಾಚೆಯ ಬಡಾವಣೆಯ ಒಂದು ಥಿಯೇಟರಿನಲ್ಲಿ. ಭಾಷೆ ಇಟಾಲಿಯನ್ ಅಲ್ಲ, ಜನರಾಡುವ ಜರ್ಮನ್. ನಡುನಡುವೆ ಮಾತು, ಹಾಡು, ಹಾಸ್ಯ. ಜಾತ್ರೆಯಲ್ಲಿ ಕಂಪನಿ ನಾಟಕ ನೋಡಿ ಬೆಳೆದ ನನ್ನಂಥವರಿಗೆ ಇದು ಥಟ್ಟನೆ ಅರ್ಥವಾಗುತ್ತೆ. ಕಂಪನಿ ನಡೆಸುತ್ತಿದ್ದ ಶಿಕಾನೇಡರ್ ತಾನೇ ಬರೆದು, ಹಕ್ಕಿ ಹಿಡಿಯುವವನ ಹಾಸ್ಯಪಾತ್ರವನ್ನೂ ತಾನೇ ಮಾಡಿದ. ವಾದ್ಯವೃಂದವನ್ನು ಖುದ್ದು ಮೊಜಾರ್ಟ್ ನಡೆಸಿದ. ಅದಾಗಿ 66 ದಿನಕ್ಕೆ ತೀರಿಕೊಂಡ. ವಯಸ್ಸು 35.

1922ರಲ್ಲಿ ಇದೇ ದಿನ 'ಆನಂದ್' ನಿರ್ದೇಶಕ ಹೃಷಿಕೇಶ್ ಮುಖರ್ಜಿ ಹುಟ್ಟಿದರು. 1960ರಲ್ಲಿ ಅಮೆರಿಕದ ಟೀವಿಯಲ್ಲಿ 'ದಿ ಫ್ಲಿಂಟ್‌ಸ್ಟೋನ್ಸ್' ಶುರುವಾಯಿತು. ಅದೇ, ಕಾಲಲ್ಲೇ ಕಾರು ಓಡಿಸುವ ಕಲ್ಲುಯುಗದ ಸಂಸಾರ. ಇವೆಲ್ಲ ಸರಿ. ಆದರೆ ಪಟ್ಟಿಯಲ್ಲಿ ಇನ್ನೆರಡು ಸಾಲುಗಳಿದ್ದವು.

1955: ಜೇಮ್ಸ್ ಡೀನ್ ಸಾವು, ಕ್ಯಾಲಿಫೋರ್ನಿಯಾ, ಕಾರು ಅಪಘಾತ.
1990: ಶಂಕರ್ ನಾಗ್ ಸಾವು, ಆನಗೋಡು, ಕಾರು ಅಪಘಾತ.

ಕೆಳಗೆ ಗೆಳೆಯನ ಷರಾ: 'ಒಂದೇ ದಿನ, ಒಂದೇ ಥರ. ವಿಧಿ ಅಂದ್ರೆ ಇದು!'

ಸಾಫ್ಟ್‌ವೇರಿನವನಿಗೆ ತಾರೀಖು ಕಂಡರೆ ಮೊದಲು ಬರೋದು ಟೈಮ್‌ಝೋನಿನ ಅನುಮಾನ. ಡೀನ್ ಕಾರು ಡಿಕ್ಕಿಯಾದದ್ದು ಅಲ್ಲಿಯ ಸಂಜೆ ಸುಮಾರು ಐದೂ ಮುಕ್ಕಾಲಕ್ಕೆ. ಆಗ ನಮ್ಮ ದೇಶದಲ್ಲಿ ಅಕ್ಟೋಬರ್ 1ರ ಬೆಳಕು ಹರಿದಾಗಿತ್ತು. ನಮ್ಮ ಗಡಿಯಾರದ ಪ್ರಕಾರ ಇಬ್ಬರೂ ಒಂದೇ ತಾರೀಖಿಗೆ ಹೋಗಲೇ ಇಲ್ಲ! ಗೆಳೆಯನ ವಿಧಿ ಒಂದು ಟೈಮ್‌ಝೋನಿಗೆ ಬಿದ್ದುಹೋಯಿತು.

ಹಾಗಂತ ಎರಡೂ ಸಾವುಗಳ ನಡುವೆ ಹೋಲಿಕೆಯೇ ಇಲ್ಲ ಅಂತಲ್ಲ. ಇದೆ. ಆದರೆ ಅದು ಕ್ಯಾಲೆಂಡರಿನಲ್ಲಿಲ್ಲ.

ಡೀನ್‌ಗೆ ಆಗ 24. ನಾಯಕನಾಗಿ ಮಾಡಿದ್ದು ಮೂರೇ ಸಿನಿಮಾ. ಅವನು ಬದುಕಿದ್ದಾಗ ಬಿಡುಗಡೆಯಾಗಿದ್ದು ಒಂದೇ. ಆ ತಿಂಗಳಷ್ಟೇ, 'ಜಯಂಟ್' ಚಿತ್ರೀಕರಣದ ನಡುವೆ, ರಸ್ತೆಯಲ್ಲಿ ಹುಷಾರಾಗಿ ಗಾಡಿ ಓಡಿಸಿ ಅಂತ ಯುವಕರಿಗೆ ಹೇಳುವ ಒಂದು ಕಿರುಚಿತ್ರದಲ್ಲಿ ಕಾಣಿಸಿಕೊಂಡಿದ್ದ. ಆಮೇಲೆ ತನ್ನ ಹೊಸ ಪೋರ್ಷೆಯಲ್ಲಿ ಕಾರ್ ರೇಸಿಗೆ ಹೊರಟ. ಅವತ್ತು ಮಧ್ಯಾಹ್ನ ಮೂರೂವರೆಗೆ ಹೆದ್ದಾರಿ ಪೊಲೀಸರು ಅತಿವೇಗಕ್ಕೆ ದಂಡದ ಚೀಟಿಯನ್ನೂ ಕೊಟ್ಟಿದ್ದರು. ಎರಡು ಗಂಟೆ ಕಳೆದ ಮೇಲೆ ಒಂದು ಕೂಡುರಸ್ತೆಯಲ್ಲಿ ಎದುರಿನ ಕಾರು ತಿರುವು ತಗೊಂಡಿತು. ಅಷ್ಟೇ. ಈಗ ನಾವು ಹಾಕಿಕೊಳ್ಳುವ ಮೂರು ಬಿಂದುವಿನ ಸೀಟ್‌ಬೆಲ್ಟನ್ನು ವೋಲ್ವೊ ತಂದದ್ದೇ 1959ರಲ್ಲಿ.

ಇನ್ನು ನಮ್ಮ ಶಂಕ್ರಣ್ಣ. ನಿರ್ದೇಶಿಸಿ ನಟಿಸಿದ ಚಿತ್ರಗಳಲ್ಲಿ ಒಂದರ ಹೆಸರೇ 'ಆಕ್ಸಿಡೆಂಟ್'. ಅಮಲಿನಲ್ಲಿ ಕಾರು ಓಡಿಸಿ ಫುಟ್‌ಪಾತಿನಲ್ಲಿ ಮಲಗಿದವರನ್ನು ಕೊಂದ ರಾಜಕಾರಣಿಯ ಮಗನ ಕಥೆ, ರಾಷ್ಟ್ರಪ್ರಶಸ್ತಿ ಬಂತು. 'ಒಂದಾನೊಂದು ಕಾಲದಲ್ಲಿ'ಯಿಂದ 1990ರವರೆಗೆ ಹನ್ನೆರಡೇ ವರ್ಷ. ಅಷ್ಟರಲ್ಲಿ 'ಮಿಂಚಿನ ಓಟ', 'ಆಟೋ ರಾಜ', 'ಮಾಲ್ಗುಡಿ ಡೇಸ್', ಜೊತೆಗೆ ನಾಟಕ, ರೆಕಾರ್ಡಿಂಗ್ ಸ್ಟುಡಿಯೋ. 'ಜೋಕುಮಾರಸ್ವಾಮಿ' ಚಿತ್ರದ ಕೆಲಸಕ್ಕೆ ಉತ್ತರ ಕರ್ನಾಟಕದ ಕಡೆ ಹೊರಟಿದ್ದರು. ಕಾರಿನಲ್ಲಿ ಪತ್ನಿ ಅರುಂಧತಿ, ಮಗಳು ಕಾವ್ಯಾ ಕೂಡ ಇದ್ದರು, ಅವರಿಬ್ಬರೂ ಉಳಿದರು. ಆಗಿನ ಎನ್‌ಎಚ್ 4 ಅಂದರೆ ನಡುವೆ ಡಿವೈಡರ್ ಇಲ್ಲದ ಎರಡು ಪಥದ ರಸ್ತೆ. ಶಂಕ್ರಣ್ಣನಿಗೆ 36 ತುಂಬೋಕೆ ಇನ್ನು 40 ದಿನ ಇತ್ತು.

ನನಗೆ ಈಗ 35. ನನ್ನ ಊರು ರಾಣೆಬೆನ್ನೂರು ಕಡೆ, ದಾರಿ ಅದೇ. ಎರಡು ವರ್ಷದ ಹಿಂದೆ ಒಂದು ಶುಕ್ರವಾರ, ಆಫೀಸಿನ ರಿಲೀಸ್ ಮುಗಿಸಿ, ರಾತ್ರಿ ಹನ್ನೊಂದಕ್ಕೆ ಬೆಂಗಳೂರು ಬಿಟ್ಟೆ. ಹಿಂದಿನ ಸೀಟಲ್ಲಿ ಹೆಂಡತಿ, ನಾಲ್ಕು ವರ್ಷದ ಮಗಳು, ಇಬ್ಬರೂ ನಿದ್ದೆ. ಈಗ ಆ ರಸ್ತೆ ಅಗಲವಾಗಿದೆ, ನಡುವೆ ಡಿವೈಡರ್ ಇದೆ, ಎನ್‌ಎಚ್ 48 ಅಂತ ಹೊಸ ಹೆಸರೂ ಇದೆ. ಚಿತ್ರದುರ್ಗ ದಾಟಿದ ಮೇಲೆ ಒಂದು ಕ್ಷಣ ಕಣ್ಣು ಮುಚ್ಚಿತು. ತೆರೆದಾಗ ಎದುರಿಗೆ ಲಾರಿಯ ಹಿಂಬದಿಯ ಕೆಂಪು ದೀಪ. ಹೇಗೆ ಬ್ರೇಕ್ ಒತ್ತಿದೆನೋ ಗೊತ್ತಿಲ್ಲ. ಪಕ್ಕಕ್ಕೆ ನಿಲ್ಲಿಸಿ ನೀರು ಕುಡಿದೆ. ಕೈ ನಡುಗ್ತಿತ್ತು. ಮಗಳು ಎದ್ದು, 'ಅಜ್ಜಿ ಮನೆ ಬಂತಾ?' ಅಂದಳು. ಮತ್ತೆ ಹೊರಟು ಸ್ವಲ್ಪ ದೂರ ಹೋದ ಮೇಲೆ ಆನಗೋಡಿನ ಬೋರ್ಡು ಕಾಣಿಸಿತು.

ಮನೆಯಲ್ಲಿ ಈ ವಿಷಯ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಅಪ್ಪ 'ದೇವರು ಕಾಪಾಡಿದ' ಅಂತಿದ್ದ. ಏನಾದರೂ ಆಗಿದ್ದರೆ 'ಹಣೆಬರಹ' ಅಂತಿದ್ದ. ಎರಡರಲ್ಲೂ ನಾನು ನಿದ್ದೆಗೆಟ್ಟು ಸ್ಟೀರಿಂಗ್ ಹಿಡಿದಿದ್ದರ ಲೆಕ್ಕ ಬರೋದಿಲ್ಲ.

'ವಿಧಿ' ಅನ್ನೋ ಷರಾ ನನಗೆ ಚುಚ್ಚಿದ್ದು ಇದಕ್ಕೇ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ದಿನಕ್ಕೆ ಸರಾಸರಿ 462. ಅಂದರೆ ಕ್ಯಾಲೆಂಡರಿನ ಯಾವ ದಿನದ ಮೇಲೆ ಬೆರಳಿಟ್ಟರೂ ರಸ್ತೆಯ ಸಾವು ಸಿಗುತ್ತೆ. ಹೆಸರಿದ್ದವರು ಮಾತ್ರ ಪಟ್ಟಿಗೆ ಬರ್ತಾರೆ. ಇಬ್ಬರು ಹೆಸರುವಾಸಿಗಳು ಒಂದೇ ತಾರೀಖಿಗೆ ಬಿದ್ದರೆ ನಾವು ಬೆರಗಾಗ್ತೀವಿ. ವೇಗ, ನಿದ್ದೆ, ಕೂಡುರಸ್ತೆ ಯಾವುದೂ ನೆನಪಿಗೆ ಬರೋದಿಲ್ಲ.

ಶಂಕ್ರಣ್ಣನ ಚಿತ್ರ ಇವತ್ತಿಗೂ ಬೆಂಗಳೂರಿನ ಆಟೋಗಳ ಹಿಂದೆ ಇದೆ. ಸಿಗ್ನಲ್ಲಿನಲ್ಲಿ ನಿಂತಾಗ ಕಂಡರೆ ಖುಷಿಯಾಗುತ್ತೆ. ಸಿಗ್ನಲ್ ಹಾರಿಸಿಕೊಂಡು ಹೋಗುವ ಆಟೋದ ಹಿಂದೆ ಕಂಡರೆ ಹೊಟ್ಟೆ ಚುರುಕ್ ಅನ್ನುತ್ತೆ.

ಗುಂಪಿನಲ್ಲಿ ಗೆಳೆಯನಿಗೆ ಟೈಮ್‌ಝೋನಿನ ಲೆಕ್ಕ ಬರೆದೆ. ಎಲ್ಲರೂ ನಕ್ಕರು. ಉಳಿದ ಕಥೆ ಬರೆಯೋಕೆ ಆಗಲಿಲ್ಲ, ಅದಕ್ಕೇ ಇಲ್ಲಿ ಬರೆದೆ. ಈಗ ನಾವು ಊರಿಗೆ ಶನಿವಾರ ಬೆಳಗ್ಗೆ, ನಿದ್ದೆ ಮುಗಿಸಿ ಹೊರಡ್ತೀವಿ. ಹಿರಿಯೂರಲ್ಲಿ ತಿಂಡಿ. ಊರು ಮುಟ್ಟೋದು ಮಧ್ಯಾಹ್ನವಾಗುತ್ತೆ, ಅರ್ಧ ದಿನ ಹಾಳು ಅಂತ ಅಮ್ಮ ಗೊಣಗ್ತಾಳೆ. ಗೊಣಗಲಿ.