ಕನಿಷ್ಠ ವೇತನ ಮತ್ತು ದಿನಸಿ ಬೆಲೆ: ಪೀಣ್ಯ

ಬೆಂಗಳೂರಿನ ವಾಯುವ್ಯಕ್ಕಿರುವ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಕನಿಷ್ಠ ವೇತನಕ್ಕೂ ದಿನಸಿ ಬೆಲೆಗೂ ಇರುವ ನಂಟು ಎರಡು ಬಗೆಯದು. ಬೆಲೆ ಏರಿದರೆ ವೇತನ ಏರಬೇಕೆಂಬುದು ಸರ್ಕಾರದ ಅಧಿಸೂಚನೆ. ವೇತನ ಏರಿದರೆ ಬೆಲೆಯೂ ಏರುತ್ತದೆಂಬುದು ವಾದ. ಮೊದಲನೆಯದು ವರ್ಷವರ್ಷವೂ ಲೆಕ್ಕಕ್ಕೆ ಬರುತ್ತದೆ. ಎರಡನೆಯದಕ್ಕೆ ಇಲ್ಲಿ ಆಧಾರ ಕಡಿಮೆ.

ಕರ್ನಾಟಕದಲ್ಲಿ ಕನಿಷ್ಠ ವೇತನವೆಂದರೆ ಮೂಲ ವೇತನ ಮತ್ತು ವ್ಯತ್ಯಯವಾಗುವ ತುಟ್ಟಿಭತ್ಯೆ. ಈ ಭತ್ಯೆಯನ್ನು ಗಾರ್ಮೆಂಟ್ಸ್‌ನವರು ಬರೀ 'ಡಿಎ' ಎನ್ನುತ್ತಾರೆ. ಹಿಂದಿನ ಕ್ಯಾಲೆಂಡರ್ ವರ್ಷದ ಗ್ರಾಹಕ ಬೆಲೆ ಸೂಚ್ಯಂಕದ ಸರಾಸರಿ ಎಷ್ಟು ಅಂಶ ಏರಿದೆಯೆಂದು ನೋಡಿ, ಅಂಶಕ್ಕೆ ದಿನಕ್ಕೆ 4 ಪೈಸೆಯಂತೆ ಲೆಕ್ಕಹಾಕಿ ಏಪ್ರಿಲ್ 1ರಿಂದ ಕೊಡುತ್ತಾರೆ. 348 ಅಂಶ ಏರಿದರೆ ದಿನಕ್ಕೆ 13 ರೂಪಾಯಿ 92 ಪೈಸೆ, ತಿಂಗಳಿಗೆ 417 ರೂಪಾಯಿ 60 ಪೈಸೆ. ಕಾರ್ಮಿಕರ ಸೂಚ್ಯಂಕವನ್ನು ಕೇಂದ್ರದ ಲೇಬರ್ ಬ್ಯೂರೊ ಸಿದ್ಧಪಡಿಸುತ್ತದೆ. 2001ರ ಸರಣಿಯಲ್ಲಿ ಆಹಾರಕ್ಕೆ ಶೇ 46.2ರಷ್ಟು ತೂಕವಿತ್ತು; 2016ರ ಸರಣಿಯಲ್ಲಿ ಅದು ಶೇ 39.17ಕ್ಕೆ ಇಳಿಯಿತು. ಹೀಗೆ ಅಕ್ಕಿ, ಬೇಳೆ, ಎಣ್ಣೆ ತುಟ್ಟಿಯಾದದ್ದು ಸಂಬಳದ ಚೀಟಿಗೆ ಬಂದು ಸೇರುತ್ತದೆ, ಆದರೆ ತಡವಾಗಿ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿತು; ಆ ಬಿಸಿ ಡಿಎಗೆ ತಟ್ಟುವುದು 2024ರ ಏಪ್ರಿಲ್‌ನಲ್ಲಿ. ಅಲ್ಲಿಯವರೆಗೆ ಮನೆ ನಡೆಯುವುದು ಅಂಗಡಿಯ ಸಾಲದ ಪುಸ್ತಕದಲ್ಲಿ.

ಈ ಏರ್ಪಾಟು ಒಮ್ಮೆ ನಿಂತೇಹೋಗಿತ್ತು. 2020ರ ಏಪ್ರಿಲ್‌ನಿಂದ ಸಿಗಬೇಕಿದ್ದ ಡಿಎಯನ್ನು, ಮೇಲೆ ಲೆಕ್ಕಹಾಕಿದ ಅದೇ 417 ರೂಪಾಯಿ ಚಿಲ್ಲರೆಯನ್ನು, ರಾಜ್ಯ ಸರ್ಕಾರ ಕೋವಿಡ್ ಕಾಲದಲ್ಲಿ ಒಂದು ವರ್ಷ ಮುಂದೂಡಿತು. ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್ ಹೈಕೋರ್ಟಿಗೆ ಹೋಯಿತು. ಸೆಪ್ಟೆಂಬರ್‌ನಲ್ಲಿ ಆ ಆದೇಶಕ್ಕೆ ತಡೆ ಬಂತು. ಆದರೂ ಬಹುತೇಕ ಕಾರ್ಖಾನೆಗಳು ಕೊಡಲಿಲ್ಲ. ರಾಜ್ಯದ ಸುಮಾರು 4 ಲಕ್ಷ ಗಾರ್ಮೆಂಟ್ಸ್ ಕಾರ್ಮಿಕರ ಬಾಕಿಯ ವಿಷಯ ವಿದೇಶಿ ಬ್ರಾಂಡ್‌ಗಳ ಬಾಗಿಲು ತಟ್ಟಿದ ಮೇಲೆ, 2022ರಲ್ಲಿ, ಹಣ ಕೈಸೇರತೊಡಗಿತು. ವೇತನ ತಡೆದರೆ ಬೆಲೆ ತಣ್ಣಗಿರುತ್ತದೆ ಎನ್ನುವವರು ಆ ವರ್ಷವನ್ನು ನೋಡಬೇಕು: 2020ರ ಅಕ್ಟೋಬರ್‌ನಲ್ಲಿ ದೇಶದ ಆಹಾರ ಹಣದುಬ್ಬರ ಶೇ 11ರ ಆಸುಪಾಸಿನಲ್ಲಿತ್ತು.

ಕಾರಣ ಸರಳ. ಪೀಣ್ಯದಲ್ಲಿ ತಯಾರಾಗುವುದು ಯಂತ್ರದ ಬಿಡಿಭಾಗ, ಹೊರದೇಶಕ್ಕೆ ಹೋಗುವ ಅಂಗಿ. ಲಗ್ಗೆರೆ, ಹೆಗ್ಗನಹಳ್ಳಿಯ ಅಂಗಡಿಗಳಲ್ಲಿ ತೂಗಿ ಮಾರುವ ಸಾಮಾನಲ್ಲ. ಅಲ್ಲಿನ ಈರುಳ್ಳಿ, ಅಕ್ಕಿಯ ದರ ಗೊತ್ತಾಗುವುದು ಯಶವಂತಪುರದ ಎಪಿಎಂಸಿ ಯಾರ್ಡಿನಂಥ ಸಗಟು ಮಂಡಿಗಳಲ್ಲಿ: ಮಳೆ, ಬೆಳೆ, ಡೀಸೆಲ್, ರಫ್ತಿನ ನಿಯಮ ನೋಡಿಕೊಂಡು. ಮೂಟೆ ಲೆಕ್ಕದ ಹಮಾಲಿ ಕೂಲಿ ಅದರಲ್ಲೊಂದು ಸಣ್ಣ ಪಾಲು. ಪ್ರಾವಿಜನ್ ಸ್ಟೋರಿನಲ್ಲಿ ತಕ್ಕಡಿ ಹಿಡಿಯುವವರು ಹೆಚ್ಚಾಗಿ ಮನೆಯವರೇ. ಅವರಿಗೆ ಕನಿಷ್ಠ ವೇತನದ ಪ್ರಶ್ನೆಯೇ ಇಲ್ಲ.

ಸಂಬಳದ ಆಳುಗಳಿರುವ ಅಮೆರಿಕದ ಸೂಪರ್‌ಮಾರ್ಕೆಟ್‌ಗಳಲ್ಲೂ ಪರಿಣಾಮ ಚಿಕ್ಕದು. ರೆಂಕಿನ್, ಮಾಂಟಿಯಾಲೂ ಮತ್ತು ಸೀಗೆಂಥಾಲರ್ ನಡೆಸಿದ ಅಧ್ಯಯನದ ಪ್ರಕಾರ ಕನಿಷ್ಠ ವೇತನ ಶೇ 10ರಷ್ಟು ಏರಿದರೆ ದಿನಸಿ ಬೆಲೆ ಏರುವುದು ಸುಮಾರು ಶೇ 0.36, ನೂರು ರೂಪಾಯಿ ಸಾಮಾನಿಗೆ 36 ಪೈಸೆ. ಅದೂ ಹೆಚ್ಚಾಗಿ ಕಾನೂನು ಅಂಗೀಕಾರವಾದ ಹೊತ್ತಿನಲ್ಲೇ, ಜಾರಿಗೆ ಬರುವ ಮುನ್ನ. ಕೂಲಿಯೇ ದೊಡ್ಡ ಖರ್ಚಾಗಿರುವ ದರ್ಶಿನಿ, ಮೆಸ್‌ಗಳ ಮಾತು ಬೇರೆ. ಅಲ್ಲಿ ಇಡ್ಲಿಯ ದರಕ್ಕೂ ಭಟ್ಟರ ಸಂಬಳಕ್ಕೂ ನೇರ ಸಂಬಂಧವಿದೆ.

ಏರಿದ ಡಿಎ ಕರಗಲು ಬೇರೆ ದಾರಿಗಳೂ ಉಂಟು. 2025ರ ಏಪ್ರಿಲ್ 1ರಂದೇ, ಹಾಲು ಉತ್ಪಾದಕರಿಗೆಂದು ನಂದಿನಿ ಹಾಲಿನ ಬೆಲೆ ಲೀಟರಿಗೆ 4 ರೂಪಾಯಿ ಏರಿತು. ದಿನಕ್ಕೊಂದು ಲೀಟರ್ ಕೊಳ್ಳುವ ಮನೆಗೆ ಇದರಿಂದ ತಿಂಗಳಿಗೆ 120 ರೂಪಾಯಿ ಹೆಚ್ಚುವರಿ.

ಅದೇ ತಿಂಗಳು ಸರ್ಕಾರ ಹೊಸ ವೇತನದ ಕರಡು ಹೊರಡಿಸಿತು. ಬೆಂಗಳೂರಿರುವ ಮೊದಲ ವಲಯದ ಕೌಶಲರಹಿತ ಕಾರ್ಮಿಕರಿಗೆ ಅದು ಸೂಚಿಸಿದ್ದು ತಿಂಗಳಿಗೆ 23,376 ರೂಪಾಯಿ. ಅದಕ್ಕೆ ಆಧಾರ 1957ರ ಭಾರತೀಯ ಕಾರ್ಮಿಕ ಸಮ್ಮೇಳನದ ಮಾನದಂಡ ಮತ್ತು ಸುಪ್ರೀಂ ಕೋರ್ಟಿನ 1991ರ ರೆಪ್ಟಕೋಸ್ ಬ್ರೆಟ್ ತೀರ್ಪು. ದುಡಿಯುವವರೊಬ್ಬರ ಸಂಸಾರವನ್ನು ಮೂರು ಘಟಕವೆಂದು ಎಣಿಸಿ, ಘಟಕಕ್ಕೆ ದಿನಕ್ಕೆ 2,700 ಕ್ಯಾಲರಿ ಆಹಾರದ ವೆಚ್ಚ ಹಿಡಿದು, ಬಟ್ಟೆ, ಬಾಡಿಗೆ, ಉರುವಲು ಕೂಡಿಸಿ, ಮಕ್ಕಳ ಓದು, ಔಷಧಿ ಮುಂತಾದವುಗಳಿಗೆ ಶೇ 25 ಸೇರಿಸುವ ಲೆಕ್ಕವಿದು. ಅಂದರೆ ವೇತನದ ಮೊತ್ತ ಹುಟ್ಟುವುದೇ ದಿನಸಿಯ ಚೀಟಿಯಿಂದ.