ಎರಡು ಹೊಳೆಗಳ ನಡುವಣ ನಾಡು



ಕೃಷ್ಣೆಯೂ ತುಂಗಭದ್ರೆಯೂ ಒಂದನ್ನೊಂದು ಕೂಡುವುದಕ್ಕೆ ಮುಂಚೆ ಬಹುದೂರ ಪೂರ್ವಾಭಿಮುಖವಾಗಿ ಹರಿಯುತ್ತವೆ. ಅವುಗಳ ನಡುವೆ ಹಬ್ಬಿರುವ ಭೂಮಿಯನ್ನು ನಮ್ಮ ಹಳೆಯ ಶಾಸನಗಳು ಎಡೆದೊರೆನಾಡು ಎಂದು ಕರೆದಿವೆ. ತೊರೆಗಳ ಎಡೆಯಲ್ಲಿರುವುದರಿಂದ ಅದು ಎಡೆದೊರೆ. ಪಾರಸಿಕ ಭಾಷೆಯವರು ಇದೇ ಅರ್ಥದಲ್ಲಿ ಅದನ್ನು ದೋಆಬ್ ಎಂದರು. ಎರಡು ನೀರುಗಳ ನಾಡು ಎಂದು ಅದರ ತಾತ್ಪರ್ಯ. ಹೆಸರಿಡುವುದರಲ್ಲಿ ಒಮ್ಮತವಾಗಿದ್ದವರು ಒಡೆತನದ ವಿಷಯದಲ್ಲಿ ಮಾತ್ರ ಎರಡು ಶತಮಾನಗಳಿಗೂ ಮಿಕ್ಕಿ ಒಮ್ಮತಕ್ಕೆ ಬರಲಿಲ್ಲ. ಜೋಳ, ಹತ್ತಿಗಳನ್ನು ಬೆಳೆಯುವ ಎರೆಯ ಭೂಮಿ, ಹಟ್ಟಿಯ ಸುತ್ತಿನ ಚಿನ್ನದ ಗಣಿಗಳು, ರಾಯಚೂರು ಮುದುಗಲ್ಲುಗಳ ಭದ್ರವಾದ ಕೋಟೆಗಳು, ಇಷ್ಟೂ ಈ ನಾಡಿನ ಸಂಪತ್ತು. ಸಂಪತ್ತಿದ್ದ ಕಡೆ ಹಕ್ಕುದಾರರು ಹೆಚ್ಚುವುದು ಸಹಜವಷ್ಟೆ. ಒಂದು ನೆಲದ ವ್ಯಾಜ್ಯವು ಕತ್ತಿಯಿಂದ ತೀರುವುದೋ ಮಾತಿನಿಂದ ತೀರುವುದೋ ಎಂಬ ಪ್ರಶ್ನೆಗೆ ಈ ನಾಡಿನ ಚರಿತ್ರೆಯು ಏನು ಉತ್ತರ ಕೊಡುತ್ತದೆಂಬುದನ್ನು ಈ ಹೊತ್ತು ವಿಚಾರಮಾಡೋಣ.

ಮೊದಲಿಗೆ ಒಂದು ಭ್ರಮೆಯನ್ನು ಕಳೆದುಕೊಳ್ಳಬೇಕು. ವಿಜಯನಗರಕ್ಕೂ ಬಹಮನಿ ರಾಜ್ಯಕ್ಕೂ ನಡೆದ ಯುದ್ಧಗಳೆಲ್ಲವೂ ಮತಭೇದದಿಂದ ಹುಟ್ಟಿದವೆಂದು ತಿಳಿಯುವವರುಂಟು. ಆದರೆ ಆ ಎರಡು ರಾಜ್ಯಗಳೂ ಹುಟ್ಟುವುದಕ್ಕೆ ಮುನ್ನೂರು ವರ್ಷಗಳ ಹಿಂದೆಯೇ ಚಾಲುಕ್ಯರೂ ಚೋಳರೂ ಈ ಗಡಿನಾಡಿಗಾಗಿ ಕಾದಾಡಿದ್ದರು. ರಾಜೇಂದ್ರ ಚೋಳನ ಪ್ರಶಸ್ತಿಯಲ್ಲಿ ಎಡೆದೊರೆನಾಡಿನ ಹೆಸರು ಬರುತ್ತದೆ. 1054ರಲ್ಲಿ ಕೊಪ್ಪಮಿನ ಕದನದಲ್ಲಿ ರಾಜಾಧಿರಾಜ ಚೋಳನು ಆನೆಯ ಮೇಲಿದ್ದಂತೆಯೇ ಮಡಿದನು. ಅವರಿಬ್ಬರೂ ಪೂಜಿಸುತ್ತಿದ್ದ ದೇವರು ಒಬ್ಬನೇ. ಆದುದರಿಂದ ವ್ಯಾಜ್ಯವು ನೆಲದ್ದು. ಅರಸರು ಬದಲಾದರೂ ನೆಲವು ಅಲ್ಲಿಯೇ ಇದ್ದುದರಿಂದ ವ್ಯಾಜ್ಯವೂ ಅಲ್ಲಿಯೇ ಉಳಿಯಿತು.

1336ರಲ್ಲಿ ವಿಜಯನಗರವೂ 1347ರಲ್ಲಿ ಬಹಮನಿ ರಾಜ್ಯವೂ ಸ್ಥಾಪಿತವಾದ ಮೇಲೆ ಈ ಕಲಹವು ಹೊಸ ರೂಪವನ್ನು ತಾಳಿತು. ಅದರ ವಿವರಗಳಿಗೆ ನಾವು ಬಹುಮಟ್ಟಿಗೆ ಫೆರಿಷ್ತನನ್ನೇ ಆಶ್ರಯಿಸಬೇಕಾಗಿದೆ. ಅವನು ಬಿಜಾಪುರದ ಆಸ್ಥಾನದಲ್ಲಿದ್ದುಕೊಂಡು, ಬಹಳ ಕಾಲದ ಮೇಲೆ, ಒಂದು ಪಕ್ಷದ ಅಭಿಮಾನದಿಂದ ಬರೆದವನು. ಅವನ ಅಂಕಿಗಳನ್ನು ನಂಬುವುದು ಕಷ್ಟ; ಆದರೆ ಅವನು ಹೇಳುವ ಕಥೆಗಳಲ್ಲಿ ತನ್ನ ಪಕ್ಷದ ದುಡುಕನ್ನೂ ಮರೆಮಾಚುವುದಿಲ್ಲವೆಂಬುದು ಗಮನಾರ್ಹ.

1366ರ ಯುದ್ಧಕ್ಕೆ ಅವನು ಕೊಡುವ ಕಾರಣವನ್ನು ಕೇಳಿರಿ. ಸುಲ್ತಾನ ಮಹಮ್ಮದ್ ಷಹನು ಒಂದು ಔತಣದಲ್ಲಿ ಸಂಗೀತಗಾರರಿಗೆ ಸಂಭಾವನೆಯನ್ನು ಕೊಡುವಾಗ, ಅದನ್ನು ವಿಜಯನಗರದ ಬೊಕ್ಕಸದಿಂದ ಪಡೆದುಕೊಳ್ಳತಕ್ಕದ್ದೆಂದು ಆಜ್ಞಾಪತ್ರವನ್ನು ಬರೆಸಿದನಂತೆ. ಪತ್ರವನ್ನು ತಂದವನನ್ನು ಬುಕ್ಕರಾಯನು ಕತ್ತೆಯ ಮೇಲೆ ಮೆರವಣಿಗೆ ಮಾಡಿಸಿ ಕಳುಹಿಸಿ, ಮುದುಗಲ್ಲಿನ ಕೋಟೆಯನ್ನು ಮುತ್ತಿ ಹಿಡಿದು, ಅಲ್ಲಿದ್ದವರನ್ನು ಕೊಲ್ಲಿಸಿದನು. ಸುಲ್ತಾನನು ಅದಕ್ಕೆ ಪ್ರತಿಯಾಗಿ ಲಕ್ಷ ಜನರನ್ನು ಕೊಲ್ಲದೆ ಬಿಡುವುದಿಲ್ಲವೆಂದು ಶಪಥ ಮಾಡಿದನು. ಗಂಡಸರೆನ್ನದೆ ಹೆಂಗಸರೆನ್ನದೆ ಹಸುಗೂಸುಗಳೆನ್ನದೆ ಹತ್ಯೆ ನಡೆಯಿತು. ಕಡೆಗೆ ವಿಜಯನಗರದ ರಾಯಭಾರಿಗಳು ಸುಲ್ತಾನನ ಮುಂದೆ ನಿಂತು, ಅರಸರ ತಪ್ಪಿಗೆ ಅರಿಯದ ಪ್ರಜೆಗಳು ಏಕೆ ಸಾಯಬೇಕು, ಇನ್ನು ಮುಂದೆ ನಾವು ಕಾದಾಡಿದರೂ ಆಯುಧ ಹಿಡಿಯದವರನ್ನು ಕೊಲ್ಲದಿರೋಣ ಎಂಬ ಭಾವದ ಮಾತನ್ನು ಆಡಿದರು. ಸುಲ್ತಾನನು ಒಪ್ಪಿದನು. ಅಂದಿನಿಂದ ನಿರಾಯುಧರನ್ನು ಉಳಿಸುವ ವಾಡಿಕೆ ಬಂದಿತೆಂದು ಫೆರಿಷ್ತನು ಬರೆದಿದ್ದಾನೆ. ಆ ವಾಡಿಕೆಯು ಮುಂದೆ ಎಷ್ಟೋ ಸಲ ಮುರಿದುಬಿದ್ದಿತು, ನಿಜ. ಆದರೂ ಈ ದೀರ್ಘ ಕಲಹದಲ್ಲಿ ಸಾಮಾನ್ಯ ಪ್ರಜೆಗೆ ದೊರೆತ ಒಂದು ಲಾಭವು ರಣರಂಗದಲ್ಲಿ ದೊರೆತದ್ದಲ್ಲ, ರಾಯಭಾರಿಗಳ ಬಾಯಿಂದ ದೊರೆತದ್ದು ಎಂಬುದನ್ನು ನಾವು ಮರೆಯಬಾರದು.

ಹಾಗಾದರೆ ಸಂಧಾನವು ಯಾವಾಗಲೂ ಸಫಲವಾಯಿತೇ ಎಂದರೆ, ಇಲ್ಲ. 1406ರಲ್ಲಿ ಮುದುಗಲ್ಲಿನ ಅಕ್ಕಸಾಲಿಗನೊಬ್ಬನ ಮಗಳ ರೂಪಕ್ಕೆ ಮರುಳಾಗಿ ವಿಜಯನಗರದ ರಾಯನು ಅಲ್ಲಿಗೆ ದಂಡನ್ನು ಕಳುಹಿಸಿದನೆಂದೂ, ದಂಡು ಬರುವ ಸುದ್ದಿಯನ್ನು ಕೇಳಿ ಊರವರೊಡನೆ ಆಕೆಯೂ ಓಡಿಹೋಗಲು, ಬರಿಗೈಯಲ್ಲಿ ಹಿಂತಿರುಗಿದ ಸೈನಿಕರು ದಾರಿಯ ಹಳ್ಳಿಗಳನ್ನು ಸುಲಿದರೆಂದೂ ಕಥೆಯಿದೆ. ಫಿರೋಜ್ ಷಹನು ದಂಡೆತ್ತಿ ಬಂದು ವಿಜಯನಗರದ ಹೊರವಲಯವನ್ನು ಮುಟ್ಟಿದನು. ಮೊದಲನೆಯ ದೇವರಾಯನು ಸಂಧಿಯನ್ನು ಬೇಡಿ, ಮಗಳನ್ನು ಸುಲ್ತಾನನಿಗೆ ವಿವಾಹಮಾಡಿಕೊಟ್ಟು, ಬಂಕಾಪುರವನ್ನು ಬಳುವಳಿಯಾಗಿ ಒಪ್ಪಿಸಿದನಂತೆ. ಸುಲ್ತಾನನು ಅತಿಥಿಯಾಗಿ ವಿಜಯನಗರವನ್ನು ಪ್ರವೇಶಿಸಿದನು. ಬೀದಿಗಳಲ್ಲಿ ಮಕಮಲ್ಲನ್ನು ಹಾಸಿದ್ದರು. ಆದರೆ ಹೊರಡುವ ದಿನ ರಾಯನು ಅಳಿಯನನ್ನು ಪಾಳೆಯದವರೆಗೆ ಕಳುಹಿಸಿಕೊಡದೆ ನಡುದಾರಿಯಲ್ಲಿಯೇ ಬೀಳ್ಕೊಂಡನು. ಇದು ಅವಮಾನವೆಂದು ಸುಲ್ತಾನನು ಮನಸ್ಸಿನಲ್ಲಿಟ್ಟುಕೊಂಡನು. ಹತ್ತು ಹನ್ನೆರಡು ವರ್ಷಗಳಲ್ಲಿ ಪಾನಗಲ್ಲಿನ ಮುತ್ತಿಗೆ ಆರಂಭವಾಯಿತು. ಎರಡು ವರ್ಷ ನಡೆದ ಆ ಮುತ್ತಿಗೆಯ ಕೊನೆಯಲ್ಲಿ ಫಿರೋಜನೇ ಸೋತು ಓಡಬೇಕಾಯಿತು.

ಈ ಸಂಧಿಯು ಮುರಿದದ್ದೇಕೆ? ಅದರಲ್ಲಿ ಮಗಳನ್ನು ಕೊಟ್ಟದ್ದುಂಟು, ಮುತ್ತು ಆನೆಗಳನ್ನು ಕೊಟ್ಟದ್ದುಂಟು. ಎರಡು ಹೊಳೆಗಳ ನಡುವಣ ಹಳ್ಳಿಗಳಲ್ಲಿ ಯಾವುದು ಯಾರದೆಂಬ ನಿರ್ಣಯ ಮಾತ್ರ ಕಾಣಬರುವುದಿಲ್ಲ. ಗೆದ್ದವನ ಪ್ರತಿಷ್ಠೆಯನ್ನು ತಣಿಸುವುದಕ್ಕಾಗಿ ಮಾಡಿದ ಸಂಧಿಯು ಆ ಪ್ರತಿಷ್ಠೆಗೆ ಸ್ವಲ್ಪ ಕುಂದು ಬಂದೊಡನೆ ಕುಸಿದುಬಿತ್ತು.

ಇದಕ್ಕೆ ಎದುರಾಗಿ 1443ರ ಸಂಧಿಯನ್ನು ನೋಡಬಹುದು. ಎರಡನೆಯ ದೇವರಾಯನು ಮುದುಗಲ್ಲನ್ನು ಹಿಡಿದು, ರಾಯಚೂರನ್ನು ಮುತ್ತಿದನು. ಅವನ ಸೈನ್ಯದಲ್ಲಿ ಮುಸಲ್ಮಾನ ಬಿಲ್ಲುಗಾರರೂ ಇದ್ದರು. ಅವರ ಮನಸ್ಸಿನ ಸಮಾಧಾನಕ್ಕಾಗಿ ಸಿಂಹಾಸನದ ಮುಂದೆ ಕುರಾನನ್ನು ಇರಿಸಿಕೊಳ್ಳುತ್ತಿದ್ದನೆಂದು ಹೇಳುತ್ತಾರೆ. ಕೆಲವು ಕದನಗಳಾದ ಮೇಲೆ, ರಾಯನು ಕಪ್ಪವನ್ನು ಸಲ್ಲಿಸತಕ್ಕದ್ದೆಂದೂ ಸುಲ್ತಾನ ಅಲ್ಲಾಉದ್ದೀನನು ರಾಯನ ಸೀಮೆಯನ್ನು ಕೆಣಕತಕ್ಕದ್ದಲ್ಲವೆಂದೂ ಒಪ್ಪಂದವಾಯಿತು. ಇಬ್ಬರೂ ಬದುಕಿರುವವರೆಗೆ ಆ ಮಾತು ನಡೆಯಿತೆಂದು ಫೆರಿಷ್ತನ ಹೇಳಿಕೆ. ಇದರಲ್ಲಿ ಇಬ್ಬರಿಗೂ ಕಾಪಾಡಿಕೊಳ್ಳತಕ್ಕ ಏನೋ ಒಂದು ದೊರಕಿತ್ತು. ಆದರೆ ಕೊರತೆಯೊಂದಿತ್ತು. ಮಾತು ಕೊಟ್ಟವರು ಇಬ್ಬರು ಮನುಷ್ಯರೇ ಹೊರತು ಎರಡು ರಾಜ್ಯಗಳಲ್ಲ. 1446ರಲ್ಲಿ ದೇವರಾಯನು ತೀರಿಕೊಂಡನು. ಅವನೊಡನೆ ಅವನ ಮಾತೂ ತೀರಿತು.

ಇನ್ನು ಯುದ್ಧದ ಪಕ್ಷದಲ್ಲಿ ಹೇಳಬಹುದಾದ ಅತ್ಯುತ್ತಮ ನಿದರ್ಶನವೆಂದರೆ 1520ರ ರಾಯಚೂರಿನ ವಿಜಯ. ಅದರ ಹಿನ್ನೆಲೆಯು ಕುತೂಹಲಕರವಾಗಿದೆ. ಒಬ್ಬರ ರಾಜ್ಯದಿಂದ ಓಡಿಬಂದ ಸಾಲಗಾರರಿಗೂ ಅಪರಾಧಿಗಳಿಗೂ ಇನ್ನೊಬ್ಬರು ಆಶ್ರಯ ಕೊಡಕೂಡದೆಂದು ವಿಜಯನಗರಕ್ಕೂ ಬಿಜಾಪುರಕ್ಕೂ ಕರಾರಿತ್ತೆಂದು ಪೋರ್ತುಗೀಸ್ ವರ್ತಕನಾದ ನೂನಿಜನು ಬರೆದಿದ್ದಾನೆ. ಗೋವೆಯಲ್ಲಿ ಕುದುರೆಗಳನ್ನು ಕೊಂಡುತರುವುದಕ್ಕಾಗಿ ಕೃಷ್ಣದೇವರಾಯನು ನಲವತ್ತು ಸಾವಿರ ಪರ್ದಾವುಗಳನ್ನು ಕೊಟ್ಟು ಕಳುಹಿಸಿದವನೊಬ್ಬನು ಹಣದೊಡನೆ ಆದಿಲ್‌ ಷಹನ ಸೀಮೆಗೆ ಓಡಿಹೋದನು. ಅವನನ್ನು ಒಪ್ಪಿಸೆಂದು ರಾಯನು ಕೇಳಿದನು. ಆದಿಲ್‌ ಷಹನು ಒಪ್ಪಿಸಲಿಲ್ಲ. ಕರಾರು ಇತ್ತು; ಅದನ್ನು ಮುರಿದವನನ್ನು ವಿಚಾರಿಸುವ ಮೂರನೆಯವನು ಇರಲಿಲ್ಲ. ಆದುದರಿಂದ ಕತ್ತಿಯೇ ವಿಚಾರಕನಾಯಿತು.

ಗೆಲುವು ಸಂಪೂರ್ಣವಾಗಿತ್ತು. ಆದಿಲ್‌ ಷಹನು ಆನೆಯನ್ನೇರಿ ಹೊಳೆಯನ್ನು ದಾಟಿ ತಪ್ಪಿಸಿಕೊಂಡನು. ಪೋರ್ತುಗೀಸರ ಬಂದೂಕುಗಾರರ ಸಹಾಯದಿಂದ ರಾಯಚೂರಿನ ಕೋಟೆಯು ವಶವಾಯಿತು. ಈ ಘಳಿಗೆಯಲ್ಲಿ ರಾಯನಿಗೆ ಒಂದು ಅವಕಾಶವಿತ್ತು. ಸೋತವನ ರಾಯಭಾರಿಯು ವಿಜಯನಗರಕ್ಕೆ ಬಂದನು. ಅವನನ್ನು ಬಹುದಿನ ಕಾಯಿಸಿ, ಕಡೆಗೆ ಕೊಟ್ಟ ಉತ್ತರವಿದು: ಆದಿಲ್‌ ಷಹನು ಸ್ವತಃ ಬಂದು ರಾಯನ ಪಾದವನ್ನು ಚುಂಬಿಸಿದರೆ ಹಿಡಿದದ್ದನ್ನೆಲ್ಲ ಹಿಂದಕ್ಕೆ ಕೊಡಲಾಗುವುದು. ಇಷ್ಟೆಲ್ಲ ರಕ್ತವನ್ನು ಸುರಿಸಿ ಪಡೆದ ನೆಲವನ್ನು ಒಂದು ಚುಂಬನಕ್ಕೆ ಹಿಂತಿರುಗಿಸಲು ರಾಯನು ಸಿದ್ಧನಾಗಿದ್ದನು! ಅಷ್ಟರಮಟ್ಟಿಗೆ ನೆಲದ ವ್ಯಾಜ್ಯವು ಮಾನದ ವ್ಯಾಜ್ಯವಾಗಿ ಹೋಗಿತ್ತು. ಆದಿಲ್‌ ಷಹನು ಬರಲಿಲ್ಲ. ರಾಯನು ಬಿಜಾಪುರದವರೆಗೆ ದಂಡೆತ್ತಿ ಹೋದನು. 1529ರಲ್ಲಿ ರಾಯನು ಕಾಲವಾದನು. ಅನತಿಕಾಲದಲ್ಲಿಯೇ ರಾಯಚೂರೂ ಮುದುಗಲ್ಲೂ ಮತ್ತೆ ಬಿಜಾಪುರದ ವಶವಾದವು. ದಕ್ಷಿಣ ಭಾರತದ ಅತಿದೊಡ್ಡ ವಿಜಯಗಳಲ್ಲಿ ಒಂದರ ಫಲವು ಸುಮಾರು ಹತ್ತೇ ವರ್ಷ ಬಾಳಿತು.

ಕಥೆಯ ಕೊನೆಯ ಅಂಕದಲ್ಲಿ ಅಳಿಯ ರಾಮರಾಯನು ಬರುತ್ತಾನೆ. ಅವನ ಮಗನೊಬ್ಬನು ತೀರಿಹೋದಾಗ ಬಿಜಾಪುರದ ಅಲಿ ಆದಿಲ್‌ ಷಹನು ಕೆಲವೇ ಪರಿವಾರದೊಡನೆ ವಿಜಯನಗರಕ್ಕೆ ಬಂದು ದುಃಖವನ್ನು ವಿಚಾರಿಸಿದನು; ರಾಮರಾಯನ ಪತ್ನಿಯು ಅವನನ್ನು ಮಗನೆಂದು ಭಾವಿಸಿದಳು. ಇಂಥ ಮೈತ್ರಿಯು ಇನ್ನೆಂದೂ ಒದಗಿರಲಿಲ್ಲ. ಆದರೆ ಅವನು ಹೊರಟಾಗ ರಾಮರಾಯನು ಊರ ಹೊರಗಿನವರೆಗೆ ಬರಲಿಲ್ಲವೆಂದೂ, ಅಲಿಯು ಅದನ್ನು ಮರೆಯಲಿಲ್ಲವೆಂದೂ ಫೆರಿಷ್ತನು ಹೇಳುತ್ತಾನೆ. ಒಂದೂವರೆ ಶತಮಾನದ ಹಿಂದೆ ಫಿರೋಜನಿಗಾದ ಅಸಮಾಧಾನವೇ ಮತ್ತೊಮ್ಮೆ ಆಯಿತೆನ್ನಬೇಕು.

ಈ ನಡುವೆ ರಾಯಚೂರೂ ಮುದುಗಲ್ಲೂ ಪುನಃ ವಿಜಯನಗರದ ಕೈಗೆ ಬಂದಿದ್ದವು. ಅತ್ತ ಬಿಜಾಪುರಕ್ಕೂ ಅಹಮದ್‌ನಗರಕ್ಕೂ ಸೊಲ್ಲಾಪುರದ ಕೋಟೆಗಾಗಿ ಇಂಥದೇ ದೀರ್ಘವಾದ ವ್ಯಾಜ್ಯವಿತ್ತು. ಆ ವ್ಯಾಜ್ಯದಲ್ಲಿ ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುತ್ತ ರಾಮರಾಯನು ತನ್ನ ಪ್ರಾಬಲ್ಯವನ್ನು ಬೆಳೆಸಿಕೊಂಡಿದ್ದನು. 1564ರಲ್ಲಿ ಆ ಸುಲ್ತಾನರು ಕುಳಿತು ಮಾತನಾಡಿದರು. ಅಹಮದ್‌ನಗರದ ಚಾಂದ್ ಬೀಬಿಯನ್ನು ಅಲಿಗೆ ಕೊಟ್ಟು, ಸೊಲ್ಲಾಪುರವನ್ನೇ ಬಳುವಳಿಯಾಗಿ ಕೊಡಲಾಯಿತು. ಎಷ್ಟೋ ಯುದ್ಧಗಳಿಂದ ಆಗದ ಕೆಲಸವು ಒಂದು ವಿವಾಹಪತ್ರದಿಂದ ಆಯಿತು. ಅನಂತರ ಅಲಿಯು ರಾಯಚೂರು ಮುದುಗಲ್ಲುಗಳನ್ನು ಹಿಂತಿರುಗಿಸಬೇಕೆಂದು ರಾಮರಾಯನ ಬಳಿಗೆ ದೂತನನ್ನು ಅಟ್ಟಿದನು. ರಾಮರಾಯನು ದೂತನನ್ನು ಅವಮಾನಪಡಿಸಿ ಹೊರದೂಡಿದನು. ಅದನ್ನೇ ನೆಪವಾಗಿ ನಿರೀಕ್ಷಿಸಿದ್ದವರಿಗೆ ಅಷ್ಟೇ ಬೇಕಾಗಿತ್ತು. 1565ರ ಜನವರಿಯಲ್ಲಿ ಕೃಷ್ಣೆಯ ಬಳಿ ನಡೆದ ಯುದ್ಧದಲ್ಲಿ ರಾಮರಾಯನು ಮಡಿದನು; ವಿಜಯನಗರವು ಹಾಳಾಯಿತು.

ಹಾಗಾದರೆ ಕೊನೆಗೆ ಯುದ್ಧವೇ ತೀರ್ಮಾನ ಮಾಡಿತಲ್ಲವೇ ಎಂದು ಕೇಳಬಹುದು. ಮಾಡಿತು, ವ್ಯಾಜ್ಯಗಾರನನ್ನೇ ನಾಶಮಾಡಿ ವ್ಯಾಜ್ಯವನ್ನು ತೀರಿಸಿತು. ಆದರೆ ಈ ಯುದ್ಧವನ್ನು ಗೆದ್ದವರು ಮೊದಲು ತಮ್ಮೊಳಗಿನ ನೆಲದ ಜಗಳವನ್ನು ಮಾತಿನಿಂದ ತೀರಿಸಿಕೊಂಡವರು; ಸೋತವನು ಎದುರಿಗೆ ಬಂದ ಮಾತನ್ನು ಹೊರದೂಡಿದವನು. ಗೆದ್ದವರಾದರೂ ಚಿರಕಾಲ ಉಳಿದರೇ? 1686ರಲ್ಲಿ ಬಿಜಾಪುರವೂ 1687ರಲ್ಲಿ ಗೋಲ್ಕೊಂಡವೂ ಔರಂಗಜೇಬನ ವಶವಾದವು.

ಆಮೇಲೆ ಎಡೆದೊರೆನಾಡು ನಿಜಾಮರ ರಾಜ್ಯಕ್ಕೆ ಸೇರಿತು. 1853ರಲ್ಲಿ ಸೈನ್ಯದ ಸಾಲಕ್ಕಾಗಿ ನಿಜಾಮರು ಅದನ್ನು ಇಂಗ್ಲಿಷರಿಗೆ ಒಪ್ಪಿಸಿದರು; 1860ರಲ್ಲಿ ಅದು ನಿಜಾಮರಿಗೆ ಹಿಂತಿರುಗಿತು. ಬಲಿಷ್ಠನ ಒತ್ತಾಯವು ಆ ಪತ್ರಗಳ ಹಿಂದೆ ಇರಲಿಲ್ಲವೆಂದು ಯಾರೂ ಹೇಳಲಾರರು. ಆದರೂ ಹಿಂದೆ ಸಾವಿರಾರು ಪ್ರಾಣಗಳನ್ನು ನುಂಗಿದ ನಾಡು ಏಳು ವರ್ಷಗಳಲ್ಲಿ ಎರಡು ಸಲ, ಹೊಲದ ಒಂದು ತೆನೆಯನ್ನೂ ತುಳಿಯದೆ, ಕೈಬದಲಾಯಿತು. 1948ರಲ್ಲಿ ಭಾರತದ ಸೈನ್ಯವು ಹೈದರಾಬಾದನ್ನು ಪ್ರವೇಶಿಸಿದ ಬಳಿಕ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ರಾಜ್ಯಪುನರ್ವಿಂಗಡಣೆಯಾದಾಗ ರಾಯಚೂರು ಜಿಲ್ಲೆಯು ಮೈಸೂರು ರಾಜ್ಯಕ್ಕೂ, ಅದರ ಗದ್ವಾಲ್ ಆಲಂಪುರ ತಾಲ್ಲೂಕುಗಳು ಆಂಧ್ರ ಪ್ರದೇಶಕ್ಕೂ ಸೇರಿದುವು. ಎರಡು ಹೊಳೆಗಳ ನಡುವೆ ಗೆರೆಯನ್ನು ಎಳೆದದ್ದು ಒಂದು ಶಾಸನಸಭೆಯ ಕಾಯಿದೆ. ಈಗಲೂ ವ್ಯಾಜ್ಯವು ತೀರಿಲ್ಲ. ಅದು ನೆಲದಿಂದ ನೀರಿಗೆ ಇಳಿದಿದೆ. ಆದರೆ ಕೃಷ್ಣೆಯ ನೀರಿಗಾಗಿ 1969ರಲ್ಲಿ ನ್ಯಾಯಮಂಡಲಿಯೊಂದು ಏರ್ಪಟ್ಟು, 1973ರಲ್ಲಿ ತೀರ್ಪನ್ನು ಕೊಟ್ಟಿತು. ತೀರ್ಪಿನಲ್ಲಿ ಅಸಮಾಧಾನವುಳ್ಳವರು ಎಲ್ಲ ಕಡೆಯೂ ಇದ್ದಾರೆ. ಅವರು ವಕೀಲರನ್ನು ಕಳುಹಿಸುತ್ತಾರೆ, ದಂಡನ್ನು ಕಳುಹಿಸುವುದಿಲ್ಲ.

ಮಾತೆಲ್ಲವೂ ಸಂಧಾನವಲ್ಲವೆಂಬುದೇ ಈ ನಾಡಿನ ಚರಿತ್ರೆಯ ಪಾಠವೆಂದು ತೋರುತ್ತದೆ. ಸೋತವನು ತಲೆಯೆತ್ತಿ ಮನೆಗೆ ಹೋಗುವಂತಿರಬೇಕು; ಒಪ್ಪಂದವು ಅದನ್ನು ಮಾಡಿದವರ ಆಯುಸ್ಸಿಗಿಂತ ಹೆಚ್ಚು ಬಾಳುವಂತಿರಬೇಕು; ಅದು ಮುರಿದಾಗ ಕೇಳುವುದಕ್ಕೆ ಮೂರನೆಯವನೊಬ್ಬನು ಇರಬೇಕು. ಈ ಮೂರರಲ್ಲಿ ಒಂದು ಇಲ್ಲದಾಗಲೆಲ್ಲ ಮುದುಗಲ್ಲಿನ ಸುತ್ತಣ ಹಳ್ಳಿಯವರು ಗಂಟುಮೂಟೆ ಕಟ್ಟಿಕೊಂಡು ಓಡಬೇಕಾಯಿತು. ಅವರ ಹೆಸರುಗಳನ್ನು ಫೆರಿಷ್ತನೂ ಬರೆದಿಡಲಿಲ್ಲ, ನೂನಿಜನೂ ಬರೆದಿಡಲಿಲ್ಲ. ಆದರೆ ನೆಲವನ್ನು ಉತ್ತವರು ಅವರು. ಅರಸರ ಮಾನಾಪಮಾನಗಳ ಲೆಕ್ಕವನ್ನು ಪ್ರತಿಸಲವೂ ತೆತ್ತವರೂ ಅವರೇ.